ಎಪ್ಪತ್ತೆರಡು ವ್ಯಾಟ್

ಹೋದ ವಾರ ಹಿರಿಯೂರಿನ ನಮ್ಮ ಕಚೇರಿಗೆ ಹೊಸ ಕೂಲರ್ ಬಂತು. ಅದರ ಹುಲ್ಲಿನ ಪರದೆ ನೀರು ಕುಡಿದು ಮೊದಲ ಸಲ ಗಾಳಿ ಬಿಟ್ಟಾಗ ಒದ್ದೆ ಹುಲ್ಲು, ತಗಡು, ಧೂಳು ಮೂರೂ ಸೇರಿದ ವಾಸನೆ ಬಂತು. ಆ ವಾಸನೆಗೆ ನನ್ನಲ್ಲಿ ಒಂದೇ ಜಾಗವಿದೆ: ಅಫಜಲಪುರ ತಾಲೂಕಿನಲ್ಲಿ, ಅತನೂರಿನ ಆಚೆಗಿರುವ ಒಂದು ಹಳೆಯ ಶಾಲೆಯ ಕಚೇರಿ ಕೋಣೆ. ಶಾಲೆಯ ಹೆಸರು ಬರೆಯುವುದಿಲ್ಲ. ಸಂಜೆ ಮನೆಗೆ ಬಂದು ಆ ಬೇಸಿಗೆಯ ಡೈರಿ ತೆಗೆದೆ. ಮಾರ್ಚ್ ಒಂದರಿಂದ ಮೇ ಮೂವತ್ತೊಂದರವರೆಗೆ ತೊಂಬತ್ತೆರಡು ದಿನ. ಒಂದು ದಿನವೂ ಖಾಲಿ ಇಲ್ಲ.

ನನ್ನ ಕೆಲಸ ಏನೆಂದು ಹೇಳಿದರೆ ಜನ ನಗುತ್ತಿದ್ದರು. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲೂಕುಗಳ ಕಚೇರಿ ಮತ್ತು ಶಾಲೆಗಳಿಗೆ ಹೋಗಿ ಅಲ್ಲಿನ ಕಂಪ್ಯೂಟರ್, ಪ್ರಿಂಟರ್, ಫ್ಯಾನ್, ಕೂಲರ್ ಎಷ್ಟೆಷ್ಟು ಕರೆಂಟ್ ತಿನ್ನುತ್ತವೆ ಎಂದು ಅಳೆಯಬೇಕು. ಕೆಲಸ ಮಾಡುವಾಗ ಎಷ್ಟು, ಯಾರೂ ಮುಟ್ಟದೆ ಇರುವಾಗ ಎಷ್ಟು, ಬಂದ್ ಆಗಿದೆ ಎಂದು ನಾವು ಅಂದುಕೊಂಡಾಗ ಎಷ್ಟು. ಆಮೇಲೆ ಉಳಿಸುವುದು ಹೇಗೆಂದು ತೋರಿಸಬೇಕು, ಎರಡು ವಾರ ಬಿಟ್ಟು ಮತ್ತೆ ಬಂದು ಅಳೆಯಬೇಕು. ನನ್ನ ಹತ್ತಿರ ಅಂಗೈಯಗಲದ ಒಂದು ಮೀಟರ್ ಇತ್ತು. ಅದನ್ನು ಗೋಡೆಯ ಸಾಕೆಟ್ಟಿಗೂ ಯಂತ್ರದ ಪ್ಲಗ್ಗಿಗೂ ನಡುವೆ ಸಿಕ್ಕಿಸಿದರೆ ಅಂಕಿ ತೋರಿಸುತ್ತದೆ. ಎರಡನೆಯ ವಾರಕ್ಕೇ ನಾನು ಎಲ್ಲರ ಬಾಯಲ್ಲಿ ಮೀಟರ್ ಮೇಡಂ ಆಗಿದ್ದೆ. ನನ್ನ ಹೆಸರು ಯಾರೂ ಕೇಳಲಿಲ್ಲ.

ಆ ಕಡೆ ಬೇಸಿಗೆಯಲ್ಲಿ ಕಚೇರಿಗಳು ಬೆಳಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ನಾನು ಅಫಜಲಪುರದಲ್ಲಿ ಒಬ್ಬ ದಾಲ್ ವ್ಯಾಪಾರಿಯ ಮನೆಯ ಮೇಲಿನ ಕೋಣೆಯಲ್ಲಿದ್ದೆ. ಎರಡು ಗಂಟೆಗೆ ಅಲ್ಲಿಗೆ ಮರಳಿದರೆ ಬೀದಿಯ ಶಟರುಗಳೆಲ್ಲ ಕೆಳಗೆ, ಕಿಟಕಿಯ ಸರಳು ಮುಟ್ಟಿದರೆ ಬೆರಳು ಸುಡುತ್ತಿತ್ತು. ನೆಲಕ್ಕೆ ನೀರು ಹೊಯ್ದು ಅದರ ಮೇಲೆ ಚಾಪೆ ಹಾಸಿ ಮಲಗುತ್ತಿದ್ದೆ. ನೀರು ಆರಲು ಹನ್ನೊಂದು ನಿಮಿಷ ಬೇಕು, ಅಳೆದಿದ್ದೇನೆ. ಕೆಳಗಿನ ಮನೆಯವರು ದಿನಕ್ಕೊಮ್ಮೆ "ಊಟ ಆತೇನ್ರಿ" ಎಂದು ಕೇಳುತ್ತಿದ್ದರು. ಆಯಿತು ಎನ್ನುತ್ತಿದ್ದೆ. ಅಷ್ಟೇ.

ಮಾರ್ಚ್ ಆರರಂದು ಡೈರಿಯಲ್ಲಿ ಒಂದು ಹೊಸ ಕಾಲಂ ಹಾಕಿದೆ: ಇವತ್ತು ಮಾತಾಡಿದವರು. ಕಂಡಕ್ಟರ್, ಅಂಗಡಿಯವರು ಲೆಕ್ಕಕ್ಕಿಲ್ಲ. ಕೆಲಸದ ಮಾತೂ ಲೆಕ್ಕಕ್ಕಿಲ್ಲ. ಅದು ಬಿಟ್ಟು ಮೂರು ವಾಕ್ಯ ಆಡಿದ್ದರೆ ಒಂದು ಗೀಟು. ಆ ತಿಂಗಳು ಉಳಿದ ಇಪ್ಪತ್ತಾರು ದಿನಗಳಲ್ಲಿ ಹತ್ತೊಂಬತ್ತು ದಿನ ಸೊನ್ನೆ. ಅಮ್ಮ ಫೋನ್ ಮಾಡಿದರೆ ಗೀಟು ಹಾಕಬೇಕೋ ಬೇಡವೋ ಎಂದು ಯೋಚಿಸಿ, ಬೇಡ ಎಂದು ತೀರ್ಮಾನಿಸಿದ್ದೆ.

ಕೆಲಸ ಮಾತ್ರ ಚೆನ್ನಾಗಿ ನಡೆದಿತ್ತು. ನೋಡುತ್ತಾ ಹೋದ ಹಾಗೆ ಜನ ಎಲ್ಲಿ ಉಳಿಸುತ್ತಾರೆ, ಎಲ್ಲಿ ಸುರಿಯುತ್ತಾರೆ ಎಂಬುದು ತಿಳಿಯತೊಡಗಿತು. ಮೊಬೈಲ್ ಚಾರ್ಜರನ್ನು ಗೋಡೆಯಿಂದ ಕಿತ್ತಿಡುವುದನ್ನು ಎಲ್ಲರೂ ಕಲಿತಿದ್ದರು, ಅದರಲ್ಲಿ ಉಳಿಯುವುದು ಚೂರು. ಅದೇ ಕೋಣೆಯಲ್ಲಿ ನಾಲ್ಕು ಕಂಪ್ಯೂಟರ್ ಯಾರೂ ಎದುರಿಗಿಲ್ಲದೆ ಮಧ್ಯಾಹ್ನವೆಲ್ಲ ಉರಿಯುತ್ತಿದ್ದವು. ಆಳಂದದ ಒಂದು ಕಚೇರಿಯಲ್ಲಿ ಒಬ್ಬ ಗುಮಾಸ್ತರು ಏಳುವ ಮೊದಲು ಟ್ಯೂಬ್‌ಲೈಟ್, ಫ್ಯಾನ್ ತಪ್ಪದೆ ಆರಿಸಿ, ಕಂಪ್ಯೂಟರಿಗೆ ಮಾತ್ರ ಕಸೂತಿ ಹಾಕಿದ ಬಟ್ಟೆ ಹೊದಿಸಿ ಹೋಗುತ್ತಿದ್ದರು. "ಮಲಗಿಸೀನ್ರಿ ಮೇಡಂ" ಎಂದರು. ನಾನು ಬಟ್ಟೆ ಎತ್ತಿ ಅವರ ಕೈಯನ್ನೇ ಅದರ ಮೇಲೆ ಇಡಿಸಿದೆ. ಕಾದ ಹಂಚಿನಂತಿತ್ತು. "ಮಲಗಿಲ್ಲ ಸರ್, ಜ್ವರ ಬಂದಿದೆ" ಎಂದೆ. ಇಡೀ ಕಚೇರಿ ನಕ್ಕಿತು. ನಾನು ಆ ಕಡೆ ಮಾಡಿದ ಮೊದಲ ತಮಾಷೆ ಅದು, ಮಾರ್ಚ್ ಹತ್ತೊಂಬತ್ತು.

ಜೇವರ್ಗಿಯಲ್ಲಿ ಹೆದ್ದಾರಿ ಪಕ್ಕದ ಕಚೇರಿಯೊಂದರಲ್ಲಿ ಒಬ್ಬರು, ಮೊದಲು ನಿಮ್ಮ ಮೀಟರ್ ಎಷ್ಟು ಕರೆಂಟ್ ತಿನ್ನುತ್ತದೆ ಹೇಳಿ ಎಂದು ಕೇಳಿದರು. ಅರ್ಧ ವ್ಯಾಟ್ ಎಂದೆ, ಅದನ್ನೂ ಅಳೆದಿದ್ದೆ. ನನ್ನ ಬಳಿ ಉತ್ತರ ಇದ್ದದ್ದು ಅವರಿಗೆ ಹಿಡಿಸಲಿಲ್ಲ.

ಕಂಪ್ಯೂಟರ್ ಯಾಕೆ ಬಂದ್ ಮಾಡುವುದಿಲ್ಲ ಎಂದು ಕೇಳಿದರೆ ಬರುವ ಉತ್ತರಗಳನ್ನೂ ಬರೆದಿಡುತ್ತಿದ್ದೆ. ಮರೆತೆ ಎಂದವರು ಕಡಿಮೆ. ಎಲ್ಲಕ್ಕಿಂತ ಹೆಚ್ಚು ಸಲ ಬಂದ ಉತ್ತರ, ಬಂದ್ ಮಾಡಿದರೆ ಮತ್ತೆ ಚಾಲೂ ಆಗುವುದಿಲ್ಲ ಎಂಬುದು. ಏಪ್ರಿಲ್ ಇಪ್ಪತ್ತೊಂದರ ತನಕ ಇದನ್ನು ಹದಿಮೂರು ಕಡೆ ಕೇಳಿದ್ದೆ. ಹದಿಮೂರು ಕಡೆಯೂ ಅವರ ಎದುರಿಗೇ ಬಂದ್ ಮಾಡಿ, ನೂರು ಎಣಿಸಿ, ಚಾಲೂ ಮಾಡಿ ತೋರಿಸಿದ್ದೆ. ಹದಿಮೂರೂ ಎದ್ದವು, ಒಂದೊಂದಕ್ಕೂ ಡೈರಿಯಲ್ಲಿ ಒಂದು ಗೀಟು.

ಏಪ್ರಿಲ್ ಇಪ್ಪತ್ತೆರಡರಂದು ಆ ಶಾಲೆಗೆ ಹೋದೆ. ಬೇಸಿಗೆ ರಜೆ. ಹೆಡ್‌ಮಾಸ್ತರು ಊರಿಗೆ ಹೋಗಿದ್ದರು. ಮಕ್ಕಳಿಲ್ಲದ ಅಂಗಳದಲ್ಲಿ ಬೇವಿನ ಒಣ ಎಲೆ ಬಿದ್ದಿತ್ತು. ಕಚೇರಿಯಲ್ಲಿ ಶರಣಮ್ಮ ಎಂಬ ಗುಮಾಸ್ತೆ ಒಬ್ಬರೇ ಇದ್ದರು. ನಲವತ್ತೈದರ ಸುಮಾರಿನವರು, ಹಣೆಗೆ ವಿಭೂತಿ, ಕೈಯಲ್ಲಿ ಬೀಸಣಿಗೆ. ಎಲ್ಲಾ ಬಂದ್ ಇದ್ದ ಆ ಶಾಲೆಯಲ್ಲಿ ಒಂದೇ ಒಂದು ಸದ್ದು: ಮೂಲೆಯ ಮೇಜಿನ ಕೆಳಗೆ ಒಂದು ಹಳೆಯ ಕಂಪ್ಯೂಟರ್ ಗುಂಯ್‌ಗುಡುತ್ತಿತ್ತು. ಪರದೆ ಆರಿತ್ತು. ಹಬ್ಬದ ಪೂಜೆಗೆ ಹಚ್ಚಿದ್ದ ಕುಂಕುಮ ಅದರ ಡಬ್ಬಿಯ ಮೇಲೆ ಒಣಗಿ ಕರಿಯಾಗಿತ್ತು. ಚಾವಣಿಯ ಮೇಲೆ ಯಾರೋ ದಾನ ಕೊಟ್ಟ ಸೋಲಾರ್ ಹಲಗೆಗಳು, ಒಳಗೆ ಎರಡು ದೊಡ್ಡ ಬ್ಯಾಟರಿ. ಕರೆಂಟ್ ಹೋದರೂ ಅದು ನಿಲ್ಲಬಾರದೆಂದು ಎರಡೂ ಬ್ಯಾಟರಿಯನ್ನು ಅದೊಂದಕ್ಕೇ ಮೀಸಲಿಟ್ಟಿದ್ದರು. ಕೂಲರಿಗೆ ಕೂಡ ಕೊಟ್ಟಿರಲಿಲ್ಲ.

ಗೋಡೆಯ ಕರೆಂಟ್ ತಪ್ಪಿಸಿದರೂ ಅದು ನಿಲ್ಲದ್ದರಿಂದ ಕೆಲಸ ಸುಲಭವಾಯಿತು. ಬ್ಯಾಟರಿಗೆ ಹೋಗುವ ಪ್ಲಗ್ಗನ್ನು ಗೋಡೆಯಿಂದ ಕಿತ್ತು ನಡುವೆ ಮೀಟರ್ ಸಿಕ್ಕಿಸಿ, ಯಂತ್ರ ಓಡುತ್ತಿರುವಾಗಲೇ ಅಳೆದೆ. ಎಪ್ಪತ್ತೆರಡು ವ್ಯಾಟ್. ದಿನದ ಇಪ್ಪತ್ತನಾಲ್ಕು ಗಂಟೆ. ಎಷ್ಟು ದಿನದಿಂದ ಎಂದು ಕೇಳಿದೆ. ಎರಡು ವರ್ಷದಿಂದ ಎಂದರು. ಮೂರು ತಾಲೂಕುಗಳಲ್ಲಿ ಯಾರೂ ಮುಟ್ಟದೆ ಇಷ್ಟು ತಿನ್ನುವ ಇನ್ನೊಂದು ಯಂತ್ರವನ್ನು ನಾನು ಕಂಡಿರಲಿಲ್ಲ.

"ಇದನ್ನ ಬಂದ್ ಮಾಡಂಗಿಲ್ರಿ" ಎಂದರು ಶರಣಮ್ಮ. "ಬಂದ್ ಮಾಡಿದ್ರ ಮತ್ತ ಚಾಲೂ ಆಗಂಗಿಲ್ಲ."

ಆಮೇಲೆ ಒಳಗೇನಿದೆ ಎಂದು ಹೇಳಿದರು. ಆ ಶಾಲೆಯಲ್ಲಿ ನಿಜಾಮನ ಕಾಲದ ದಾಖಲಾತಿ ರಿಜಿಸ್ಟರ್ ಒಂದಿದೆ, ಪೂರ್ತಿ ಉರ್ದುವಿನಲ್ಲಿ. ಹುಡುಗನ ಹೆಸರು, ಅಪ್ಪನ ಹೆಸರು, ಜಾತಿ, ಊರು, ಶಾಲೆಗೆ ಸೇರಿದ ತಾರೀಖು. ಜಾತಿ ಪ್ರಮಾಣಪತ್ರಕ್ಕೋ ವಂಶಾವಳಿಗೋ ಅಜ್ಜನ ಶಾಲೆಯ ದಾಖಲೆ ಬೇಕಾದವರು ಹುಡುಕಿಕೊಂಡು ಬರುತ್ತಾರೆ. ಹಾಳೆ ಒಣಗಿದ ಎಲೆಯಂತಾಗಿ ತಿರುವಿದರೆ ಅಂಚು ಉದುರುತ್ತದೆ. ಅದಕ್ಕೇ ಖಾಸಿಂ ಮಾಸ್ತರು ಎಂಬ ನಿವೃತ್ತ ಉರ್ದು ಶಿಕ್ಷಕರನ್ನು ಕೂಡಿಸಿಕೊಂಡು, ಅವರು ಓದಿದಂತೆ ಶರಣಮ್ಮ ಕನ್ನಡದಲ್ಲಿ ಟೈಪ್ ಮಾಡಿದ್ದರು. ಆರುನೂರ ಹನ್ನೆರಡು ಹೆಸರು. ಮುಗಿದ ಮೇಲೆ ಒಮ್ಮೆ ಯಂತ್ರ ನಿಂತು ಎರಡು ದಿನ ಏಳಲಿಲ್ಲ. ರಿಪೇರಿಯವನು ಹೇಗೋ ಎಬ್ಬಿಸಿ, ಇನ್ನು ಇದನ್ನು ಆರಿಸಬೇಡಿ ಎಂದು ಹೇಳಿ ಹೋಗಿದ್ದ. ಅಂದಿನಿಂದ ಆರಿಸಿಲ್ಲ.

ಇಲ್ಲಿ ನಾನು ಕೇಳಬೇಕಾಗಿದ್ದ ಪ್ರಶ್ನೆ ಒಂದೇ: ಇನ್ನೊಂದು ಪ್ರತಿ ಇದೆಯೇ? ಕೇಳಲಿಲ್ಲ. ನನ್ನ ನಮೂನೆಯಲ್ಲಿ ವ್ಯಾಟ್, ಗಂಟೆ, ಆರಿಸುವ ಸಮಯ, ಕಾರಣ, ಇಷ್ಟು ಕಾಲಂಗಳಿದ್ದವು. ಒಳಗೇನಿದೆ ಎಂಬ ಕಾಲಂ ಇರಲಿಲ್ಲ. ನಾನು ಡೈರಿ ತೆರೆದು ಹದಿಮೂರು ಗೀಟುಗಳನ್ನು ಅವರಿಗೆ ತೋರಿಸಿದೆ. ಎಲ್ಲರೂ ಹೀಗೇ ಹೇಳುತ್ತಾರೆ ಅಕ್ಕ, ಹದಿಮೂರರಲ್ಲಿ ಹದಿಮೂರೂ ಎದ್ದಿವೆ, ಇದು ಬರೀ ಭಯ ಎಂದೆ. ಅವರು ಆ ಗೀಟುಗಳನ್ನು ಒಂದೊಂದಾಗಿ ನೋಡಿದರು. ದಿನಾ ರಿಜಿಸ್ಟರ್ ಬರೆಯುವವರು. ಬರೆದಿಟ್ಟ ಲೆಕ್ಕಕ್ಕೆ ಮರ್ಯಾದೆ ಕೊಡುವುದು ಅವರ ಅಭ್ಯಾಸ.

"ನೀವು ಓದಿದವ್ರು. ಬರದೂ ಇಟ್ಟೀರಿ" ಎಂದು ತಾವೇ ಬಗ್ಗಿ, ಕ್ರಮವಾಗಿ ಬಂದ್ ಮಾಡಿದರು.

ಸದ್ದು ನಿಂತಿತು. ಕೋಣೆ ಒಮ್ಮೆಲೇ ದೊಡ್ಡದಾದಂತೆ ಕಂಡಿತು. ನಾನು ನೂರು ಎಣಿಸಿದೆ. ಅವರು ಗುಂಡಿ ಒತ್ತಿದರು. ದೀಪ ಹತ್ತಿತು, ಫ್ಯಾನ್ ತಿರುಗಿತು, ನನ್ನ ಮುಖದಲ್ಲಿ ನಗು ಬರುವಷ್ಟು ಹೊತ್ತೂ ಆಗಿರಲಿಲ್ಲ, ಒಳಗೆ ಟಕ್ ಎಂದಿತು. ಮತ್ತೆ ಟಕ್. ಕರಿ ಪರದೆಯ ಮೇಲೆ ಒಂದೇ ಸಾಲು, ಡಿಸ್ಕ್ ಸಿಗಲಿಲ್ಲ ಎಂದು. ಏಳು ಸಲ ಪ್ರಯತ್ನಿಸಿದೆವು. ವರ್ಷಗಟ್ಟಲೆ ಬಿಡದೆ ತಿರುಗಿದ ಹಳೆಯ ಡಿಸ್ಕ್ ಒಮ್ಮೆ ನಿಂತು ತಣ್ಣಗಾದರೆ ಮತ್ತೆ ಏಳದಿರಬಹುದು ಎಂದು ನಾನು ಓದಿದ್ದೆ. ಓದಿದ್ದು ಏಳು ಸಲ ಆದ ಮೇಲೆ ನೆನಪಾಯಿತು.

ಶರಣಮ್ಮ ಸೆರಗಿನಿಂದ ಆ ಡಬ್ಬಿಯ ಧೂಳು ಒರೆಸಿದರು. ಆಗ ನಾನು ಇನ್ನೊಂದು ಪ್ರತಿ ಇದೆಯೇ ಎಂದು ಕೇಳಿದೆ. ಪೆನ್‌ಡ್ರೈವ್ ಹಾಕುವ ಜಾಗ ಸುಟ್ಟುಹೋಗಿತ್ತು, ಪ್ರಿಂಟರಿಗೆ ಶಾಯಿ ಬಂದಿರಲಿಲ್ಲ, ಜನ ಬಂದಾಗ ಪರದೆ ನೋಡಿ ಕೈಯಿಂದಲೇ ಬರೆದುಕೊಡುತ್ತಿದ್ದರಂತೆ. "ಬರ್ತದ, ಬರ್ತದ ಅಂತ ಎರಡು ವರ್ಷ ಶಾಯಿ ಹಾದಿ ನೋಡಿದ್ವಿ" ಎಂದರು. ಅದರಲ್ಲಿ ನನ್ನ ಮೇಲಿನ ಸಿಟ್ಟಿಗಿಂತ ತಮ್ಮ ಮೇಲಿನದೇ ಹೆಚ್ಚಿತ್ತು. ಅದು ನನಗೆ ಇನ್ನಷ್ಟು ಕಷ್ಟವಾಯಿತು.

ಡಿಸ್ಕನ್ನು ಬಿಚ್ಚಿಸಿ ಟವೆಲ್ಲಿನಲ್ಲಿ ಸುತ್ತಿ ಕಲಬುರಗಿಗೆ ಒಯ್ದೆ. ರಿಪೇರಿಯವರು ಕಿವಿಗೆ ಹಿಡಿದು ಕೇಳಿ, ತಲೆ ಅಲ್ಲಾಡಿಸಿ, ಹೈದರಾಬಾದಿಗೆ ಕಳಿಸಿದರು. ಮೇ ಎರಡಕ್ಕೆ ಉತ್ತರ ಬಂತು: ಒಳಗಿನ ತಟ್ಟೆ ಗೀಚಿದೆ, ಏನೂ ಬರುವುದಿಲ್ಲ. ಆ ಹತ್ತು ದಿನ ನಾನು ಬೇರೆ ಯಾವ ಯಂತ್ರವನ್ನೂ ಬಂದ್ ಮಾಡಿಸಲಿಲ್ಲ. ಅಳೆದು, ಬರೆದು, ಎದ್ದು ಬಂದೆ.

ಉಳಿದ ದಾರಿ ಒಂದೇ, ರಿಜಿಸ್ಟರನ್ನು ಮತ್ತೆ ಓದಿಸುವುದು. ಮೇ ಮೂರರ ಬೆಳಗ್ಗೆ ಶರಣಮ್ಮ ನನ್ನನ್ನು ಖಾಸಿಂ ಮಾಸ್ತರ ಮನೆಗೆ ಕರೆದುಕೊಂಡು ಹೋದರು. ಎಪ್ಪತ್ತು ದಾಟಿದ ತೆಳ್ಳನೆಯ ಮನುಷ್ಯ. ಎಡಗಣ್ಣಿಗೆ ಪೊರೆ ಪೂರ್ತಿ ಮುಚ್ಚಿತ್ತು, ಬಲಗಣ್ಣು ಅರ್ಧ. ತಿಂಗಳ ಕೊನೆಗೆ ಆಪರೇಶನ್ನಿಗೆಂದು ಹೈದರಾಬಾದಿನ ಮಗಳ ಮನೆಗೆ ಹೊರಟಿದ್ದರು, ಮತ್ತೆ ಯಾವಾಗ ಬರುವುದೋ ಗೊತ್ತಿರಲಿಲ್ಲ. ಸುತ್ತಮುತ್ತ ಆ ಕೈಬರಹ ಓದಬಲ್ಲವರು ಬೇರೆ ಯಾರೂ ಇಲ್ಲ ಎಂದು ಶರಣಮ್ಮ ದಾರಿಯಲ್ಲೇ ಹೇಳಿದ್ದರು. ಹೊಸಬರು ಅಚ್ಚಿನ ಉರ್ದು ಓದುತ್ತಾರೆ, ಆ ಕಾಲದ ಗುಮಾಸ್ತರ ಮುರುಕು ಅಕ್ಷರ ಓದುವುದಿಲ್ಲ.

ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ಕೇಳಿಸಿಕೊಂಡು, "ಅಭ್ಯಾಸ ಬರಿಲಿಲ್ಲಂದ್ರ ಎರಡನೇ ಸಲ ಬರಸ್ತಿದ್ದೆ ನಾ ಹುಡುಗರ ಕಡಿಂದ. ಈಗ ನನಗ ಆ ಪಾಳಿ ಬಂತು" ಎಂದು ನಕ್ಕರು. ನಂತರ ಶರಣಮ್ಮ ಜೊತೆಗೆ ತಂದಿದ್ದ ರಿಜಿಸ್ಟರಿನ ಒಂದು ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿ, ನಗು ನಿಲ್ಲಿಸಿ, ಶರಣಮ್ಮನ ಕೈಗೆ ಹಿಂತಿರುಗಿಸಿದರು. "ಕಾಣಂಗಿಲ್ಲವಾ. ಇರುವಿ ಸಾಲು ಹ್ವಾದಂಗ ಕಾಣ್ತದ."

ನಾನು ಆ ಹಾಳೆಯ ಫೋಟೊ ತೆಗೆದು ನನ್ನ ಲ್ಯಾಪ್‌ಟಾಪಿಗೆ ಹಾಕಿ, ಬಣ್ಣ ತಿರುಗಿಸಿದೆ: ಕರಿ ಹಿನ್ನೆಲೆ, ಬಿಳಿ ಅಕ್ಷರ. ಒಂದು ಸಾಲು ಪರದೆಯ ತುಂಬಾ ಬರುವಷ್ಟು ಹಿಗ್ಗಿಸಿ ಬೆಳಕನ್ನು ಪೂರ್ತಿ ಏರಿಸಿದೆ. ಪರದೆಯ ಬೆಳಕು ಇಳಿಸಿ, ಕರೆಂಟ್ ಉಳಿಸಿ ಎಂದು ಎರಡು ತಿಂಗಳು ಊರೂರು ಹೇಳುತ್ತಾ ತಿರುಗಿದವಳು ನಾನು. ಮಾಸ್ತರು ಬಲಗಣ್ಣನ್ನು ಹತ್ತಿರ ತಂದು ಬಲದಿಂದ ಎಡಕ್ಕೆ ತಲೆ ಸರಿಸಿದರು. ಆಮೇಲೆ ನಿಧಾನವಾಗಿ ಓದಿದರು: "ಭೀಮಾ, ವಲದ್ ಸಿದ್ರಾಮ. ಸಾಕಿನ್ ಅತನೂರ." ಭೀಮ, ಸಿದ್ರಾಮನ ಮಗ, ಅತನೂರಿನವನು. ಶರಣಮ್ಮ ಮುಖ ತಿರುಗಿಸಿ ಕಣ್ಣು ಒರೆಸಿಕೊಂಡರು.

ಮೇ ಐದರಿಂದ ಇಪ್ಪತ್ತೆಂಟರವರೆಗೆ, ನಾನು ಆಳಂದದ ಕಡೆ ಹೋಗಲೇಬೇಕಾಗಿದ್ದ ನಾಲ್ಕು ದಿನ ಮತ್ತು ಭಾನುವಾರ ಬಿಟ್ಟು, ಹದಿನೇಳು ಮಧ್ಯಾಹ್ನ ಓದಿದೆವು. ಬೆಳಗ್ಗೆ ನನ್ನ ಅಳತೆಯ ಕೆಲಸ, ಎರಡು ಗಂಟೆಗೆ ಶಾಲೆ. ಹೊರಗೆ ಬಿಸಿಲಿನಲ್ಲಿ ನಾಯಿಯೂ ಓಡಾಡುತ್ತಿರಲಿಲ್ಲ. ಯಂತ್ರ ಸತ್ತಿದ್ದರಿಂದ ಎರಡೂ ಬ್ಯಾಟರಿ ಬಿಡುವಾಗಿದ್ದವು; ಕೂಲರ್ ನಡೆಯಿತು, ಲ್ಯಾಪ್‌ಟಾಪ್ ನಡೆಯಿತು. ಇದನ್ನು ಶರಣಮ್ಮನೇ ಹೇಳಿದರು, ಎರಡು ವರ್ಷದಲ್ಲಿ ಈ ಕೋಣೆ ಇಷ್ಟು ತಣ್ಣಗಿದ್ದದ್ದು ಇದೇ ಮೊದಲು ಎಂದು. ಅದು ಚುಚ್ಚು ಮಾತೋ ಬರೀ ಮಾತೋ ಗೊತ್ತಾಗಲಿಲ್ಲ. ಫ್ಯಾನನ್ನು ಮಾತ್ರ ಹಚ್ಚುತ್ತಿರಲಿಲ್ಲ, ಹಾಳೆ ಹಾರುತ್ತವೆಂದು.

ದಿನಕ್ಕೆ ಸರಾಸರಿ ಮೂವತ್ತಾರು ಸಾಲು. ಶರಣಮ್ಮ ಹಾಳೆಯನ್ನು ಒಂದು ರಟ್ಟಿನ ಮೇಲೆ ಜಾರಿಸಿ ತಿರುವುವರು, ನಾನು ಫೋಟೊ ತೆಗೆಯುವೆ, ಮಾಸ್ತರು ಓದುವರು, ನಾನು ಟೈಪ್ ಮಾಡುವೆ. ತಾರೀಖುಗಳೆಲ್ಲ ನಿಜಾಮನ ಸರ್ಕಾರದ ಫಸಲಿ ವರ್ಷದವು. ಐನೂರ ತೊಂಬತ್ತು ಕೂಡಿಸಿದರೆ ಹೆಚ್ಚುಕಡಿಮೆ ನಮ್ಮ ಇಸವಿ ಬರುತ್ತದೆ. ಕೂಡಿಸುವ ಕೆಲಸ ನನ್ನದು. ಕೊನೆಯ ಕಾಲಂ ಶಾಲೆ ಬಿಟ್ಟ ಕಾರಣ: ದನ ಕಾಯಲು, ಕೂಲಿಗೆ, ಊರು ಬಿಟ್ಟರು. ಕೆಲವು ಕಡೆ ಫೌತ್ ಎಂದಿರುತ್ತಿತ್ತು, ಸತ್ತ ಎಂದು. ಎಂಟು ವರ್ಷದ ಹುಡುಗ, ಫೌತ್. ಮಾಸ್ತರು ಆ ಪದ ಬಂದಾಗ ಒಂದು ಉಸಿರು ಬಿಟ್ಟು ಮುಂದಿನ ಸಾಲು ಕೇಳುತ್ತಿದ್ದರು.

ಪ್ರತಿ ದಿನ ಸಾಯಂಕಾಲ ಆ ಹೊತ್ತಿನ ಕೆಲಸದ ಮೂರು ಪ್ರತಿ ಮಾಡುತ್ತಿದ್ದೆ: ಒಂದು ಪೆನ್‌ಡ್ರೈವಿಗೆ, ಒಂದು ಶರಣಮ್ಮನ ಫೋನಿಗೆ, ಒಂದು ಅಫಜಲಪುರದಲ್ಲಿ ಪ್ರಿಂಟ್ ಹಾಕಿಸಿ ಕಾಗದದ ಮೇಲೆ.

ಆ ಮಧ್ಯಾಹ್ನಗಳಲ್ಲಿ ನಾನು ಒಬ್ಬಳೇ ಇರಲಿಲ್ಲ. ಆದರೂ ಡೈರಿಯ ಆ ಕಾಲಂನಲ್ಲಿ ಏನು ಬರೆಯಬೇಕೆಂದು ತಿಳಿಯುತ್ತಿರಲಿಲ್ಲ. ಒಂದೊಂದು ಹೆಸರು ಬಂದಾಗಲೂ ಅವರಿಬ್ಬರಿಗೆ ಆ ಮನೆತನ ಗೊತ್ತು. ಇವನ ಮೊಮ್ಮಗನೇ ಅಲ್ಲವೇ ಈಗ ಜೇವರ್ಗಿಯಲ್ಲಿ ಅಡತಿ ಅಂಗಡಿ ಇಟ್ಟವನು, ಅಜ್ಜ ಎರಡನೆಯ ಇಯತ್ತೆ ಮೂರು ಸಲ ಕೂತಿದ್ದಾನೆ, ಇವನು ನೋಡಿದರೆ ಊರಿಗೆಲ್ಲ ಬುದ್ಧಿ ಹೇಳುತ್ತಾನೆ ಎಂದು ಇಬ್ಬರೂ ಬಿದ್ದು ಬಿದ್ದು ನಗುವರು. ನಾನು ಪರದೆ ನೋಡುತ್ತಾ ಕಾಯುವೆ. ಯಾರು ಅದು ಎಂದು ಒಂದೆರಡು ಸಲ ಕೇಳಿದೆ. "ನಿಮಗ ಗೊತ್ತಾಗಂಗಿಲ್ರಿ, ಬಿಡ್ರಿ, ಮುಂದ ಬರೀರಿ" ಎಂದರು ಶರಣಮ್ಮ, ಪ್ರೀತಿಯಿಂದಲೇ. ಐದು ಗಂಟೆಗೆ ಅವರಿಬ್ಬರೂ ಮಾತಾಡುತ್ತಾ ಒಂದು ಕಡೆ ನಡೆಯುವರು. ನಾನು ಬಸ್ಸಿಗೆ ನಿಲ್ಲುವೆ. ಕೋಣೆಗೆ ಬಂದು ಮಲಗಿದರೂ ಕಿವಿಯಲ್ಲಿ ವಲದ್, ವಲದ್ ಎಂದು ನಡೆದೇ ಇರುತ್ತಿತ್ತು. ನೂರಾರು ಜನ ಅವರವರ ಅಪ್ಪನ ಹೆಸರು ಹಿಡಿದು ನಿಂತಿದ್ದರು, ಅವರಲ್ಲಿ ನನಗೆ ಒಬ್ಬನೂ ಪರಿಚಯವಿಲ್ಲ.

ಮೇ ಹದಿನಾಲ್ಕರಂದು ಮೊದಲ ಖಾಲಿ ಸಾಲು ಬಂತು. ಹಾಳೆಯ ಅಂಚು ಉದುರಿ ಹೆಸರಿರುವ ಕಡೆ ಏನೂ ಇರಲಿಲ್ಲ. ಎರಡು ವರ್ಷದ ಹಿಂದೆ ಇತ್ತು, ಮಾಸ್ತರು ಓದಿದ್ದರು, ಶರಣಮ್ಮ ಟೈಪ್ ಮಾಡಿದ್ದರು. ಆ ಓದಿನಲ್ಲಿ ಹಾಳೆ ತಿರುವುವಾಗಲೇ ಅದು ಉದುರಿತ್ತು. ಅಂದರೆ ಕಾಗದದ ಮೇಲೆ ಇಲ್ಲದ್ದು ಆ ಡಿಸ್ಕಿನಲ್ಲಿ ಮಾತ್ರ ಇತ್ತು. ಅಂದಿನವರೆಗೆ ನಾನು, ಎಲ್ಲವನ್ನೂ ಮತ್ತೆ ಬರೆದರೆ ತಪ್ಪು ಸರಿಯಾಗುತ್ತದೆ ಎಂದುಕೊಂಡಿದ್ದೆ. ಕೊನೆಗೆ ಅಂಥ ಸಾಲುಗಳು ಮೂವತ್ತೇಳಾದವು.

ಶರಣಮ್ಮ ಕಣ್ಣು ಮುಚ್ಚಿ ನೆನಪಿಸಿಕೊಂಡು ಅದರಲ್ಲಿ ಒಂಬತ್ತು ಹೆಸರು ಹೇಳಿದರು. ನಾನು ಟೈಪ್ ಮಾಡತೊಡಗಿದೆ. ಮಾಸ್ತರು ನನ್ನ ಕೈಯ ಮೇಲೆ ಕೈ ಇಟ್ಟರು.

"ಬ್ಯಾಡ ಬೇಟಿ. ಕಾಣದ್ದು ಬರದ್ರ ಅದು ರಿಜಿಸ್ಟರ್ ಅಲ್ಲ. ನಾಳೆ ಇದ ಹೆಸರಿನ ಮ್ಯಾಲ ಯಾರರ ಬಂದು ಕೇಳ್ತಾರ. ಆಗ ಉಳಿದದ್ದೂ ಸುಳ್ಳಾಗ್ತದ."

ಆ ಸಾಲುಗಳ ಮುಂದೆ 'ಹಾಳೆ ಹರಿದಿದೆ' ಎಂದು ಬರೆದೆ. ಡಿಸ್ಕಿನ ವಿಷಯ ಬರೆಯಲು ಅಲ್ಲೂ ಜಾಗವಿರಲಿಲ್ಲ.

ಯಂತ್ರ ಏಳದೆ ಹೋದದ್ದನ್ನು ನಾನು ನನ್ನ ಮೇಲಿನವರಿಗೆ ತಿಳಿಸಿದ್ದೆ, ಒಂದೂವರೆ ಪುಟ, ಏಪ್ರಿಲ್ ಇಪ್ಪತ್ಮೂರಕ್ಕೇ. ಉತ್ತರ ಬಂದದ್ದು ಮೇ ಇಪ್ಪತ್ತಾರಕ್ಕೆ. ಎರಡನೆಯ ಅಳತೆಯಲ್ಲಿ ಆ ಯಂತ್ರದ ಎದುರಿಗೆ ಸೊನ್ನೆ ಎಂದು ತುಂಬಿಸಿ, ಉಳಿತಾಯ ಪೂರ್ತಿ ಎಂದು ಗುರುತು ಮಾಡಿ ಎಂದಿತ್ತು. ಮೂರು ತಾಲೂಕುಗಳ ಪಟ್ಟಿಯಲ್ಲಿ ಆ ಶಾಲೆಯೇ ಎಲ್ಲಕ್ಕಿಂತ ಮೇಲೆ ಬಂದಿದೆ, ಉಳಿದವರಿಗೂ ಇದನ್ನು ಮಾದರಿಯಾಗಿ ತೋರಿಸಬಹುದು ಎಂದೂ ಇತ್ತು. ಅಂಕಿ ಸರಿಯಾಗಿಯೇ ಇತ್ತು. ನಾನು ಪತ್ರವನ್ನು ಶರಣಮ್ಮನಿಗೆ ಓದಿ ಹೇಳಲಿಲ್ಲ. ಸೊನ್ನೆ ತುಂಬಿಸಿದೆ.

ಮೇ ಇಪ್ಪತ್ತೆಂಟು, ಕೊನೆಯ ಮಧ್ಯಾಹ್ನ. ಮಾರನೆಯ ದಿನ ಶಾಲೆ ತೆರೆಯುವುದಿತ್ತು. ಮೂರೂವರೆಗೆ ಕೊನೆಯ ಸಾಲು ಮುಗಿಯಿತು. ಮಾಸ್ತರು ಮನೆಗೆ ಹೋಗಿದ್ದರು. ಕೂಲರಿನ ನೀರು ತೀರಿದ್ದರಿಂದ ಅದನ್ನು ಆರಿಸಿ, ಶರಣಮ್ಮ ಮತ್ತು ನಾನು ರಿಜಿಸ್ಟರನ್ನು ಬಟ್ಟೆಯಲ್ಲಿ ಕಟ್ಟುತ್ತಿದ್ದೆವು. ಆಗ ಒಬ್ಬ ಹೆಂಗಸು ಬಂದರು. ಐವತ್ತರ ಸುಮಾರು, ತಲೆಯ ಮೇಲೆ ಸೆರಗು, ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಕಾಗದ. ನಾಲ್ಕು ಮೈಲಿ ಬಿಸಿಲಿನಲ್ಲಿ ನಡೆದು ಬಂದಿದ್ದರು. ಮಗಳಿಗೆ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಗುವುದಿದೆ, ಜಾತಿಯ ದಾಖಲೆಗೆ ಅವಳ ಅಜ್ಜನ ಹೆಸರು ಶಾಲೆಯ ರಿಜಿಸ್ಟರಿನಲ್ಲಿ ಇರುವುದು ಬೇಕು, ಹೋದ ವರ್ಷ ಕೇಳಿದಾಗ ಇದೆ ಎಂದಿದ್ದಿರಿ, ಆಗ ಅವಸರವಿರಲಿಲ್ಲ ಎಂದು ಬರೆಸಿಕೊಂಡಿರಲಿಲ್ಲ ಎಂದರು.

ಶರಣಮ್ಮ ಪ್ರಿಂಟಿನ ಹಾಳೆಗಳಲ್ಲಿ ಬೆರಳಾಡಿಸಿದರು. ಆ ಅಜ್ಜನ ಅಪ್ಪನ ಹೆಸರು, ಊರು ಹೊಂದಿ ಬೆರಳು ನಿಂತ ಕಡೆ ನಾನೂ ನೋಡಿದೆ. ಮೂವತ್ತೇಳರಲ್ಲಿ ಒಂದು. "ಹಾಳಿ ಹರದದವಾ" ಎಂದರು ಅವರು, ನನ್ನ ಕಡೆ ನೋಡದೆ. ಅದು ಸುಳ್ಳಲ್ಲ. ಅಲ್ಲಿಗೇ ಬಿಟ್ಟಿದ್ದರೆ ಆ ತಾಯಿ ಕಾಗದವನ್ನೇ ಬೈದುಕೊಂಡು ಹೋಗುತ್ತಿದ್ದರು.

ಕಂಪ್ಯೂಟರಿನಲ್ಲಿ ಇತ್ತು, ನಾನು ಅದನ್ನು ಬಂದ್ ಮಾಡಿಸಿದೆ, ಅದರಿಂದ ಹೋಯಿತು ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀ ಯಾರ ಬೇ? ಯಾಕ ಬಂದ್ ಮಾಡಸ್ದಿ?"

ಕರೆಂಟ್ ಉಳಿಸಲು ಎಂದೆ.

"ಎಷ್ಟ ಉಳೀತು?"

ಈ ಪ್ರಶ್ನೆಗೆ ಮಾತ್ರ ನನ್ನಲ್ಲಿ ಸರಿಯಾದ ಉತ್ತರವಿತ್ತು. ದಿನಕ್ಕೆ ಒಂದೂಮುಕ್ಕಾಲು ಯುನಿಟ್ಟಿಗೆ ಚೂರು ಕಡಿಮೆ ಎಂದೆ. ಅವರಿಗೆ ತಿಳಿಯಲಿಲ್ಲ. ಒಂದು ಫ್ಯಾನ್ ಒಂದು ಹಗಲು ಒಂದು ರಾತ್ರಿ ತಿರುಗುವಷ್ಟು ಎಂದು ಬಿಡಿಸಿ ಹೇಳಿದೆ.

ಅವರು ತಲೆ ಎತ್ತಿ ನಿಂತಿದ್ದ ಫ್ಯಾನನ್ನು ನೋಡಿದರು. ಬೆಂಚಿನ ಮೇಲೆ ಕೂತು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು.

"ಹಂಗಾದ್ರ ಅದನ್ನರ ಹಚ್ಚು. ಬಿಸಲಾಗ ಬಂದೇನಿ."

ಎದ್ದು ಹಚ್ಚಿದೆ. ಹಾಳೆಗಳು ಹಾರದಂತೆ ಶರಣಮ್ಮ ಎರಡೂ ಕೈ ಒತ್ತಿ ಹಿಡಿದರು. ಆ ತಾಯಿ ಕಣ್ಣು ಮುಚ್ಚಿ ಹತ್ತು ನಿಮಿಷ ಗಾಳಿಯ ಕೆಳಗೆ ಕೂತಿದ್ದರು. ಆಮೇಲೆ ಶರಣಮ್ಮನೇ, ಆ ಅಜ್ಜನ ತಮ್ಮಂದಿರು ಯಾರಾದರೂ ಬೇರೆ ಕಡೆ ಕಲಿತಿದ್ದರೇ ಎಂದು ಕೇಳಿದರು. ಸಣ್ಣ ತಮ್ಮ ಒಬ್ಬ ಸೋದರಮಾವನ ಮನೆಯಲ್ಲಿದ್ದು ಆಳಂದ ಕಡೆಯ ನಿಂಬರ್ಗಾದಲ್ಲಿ ಕಲಿತಿದ್ದನಂತೆ. ಅಲ್ಲಿಯೂ ಹಳೆಯ ರಿಜಿಸ್ಟರ್ ಇದ್ದರೆ, ಅದರಲ್ಲಿ ಹೆಸರು ಸಿಕ್ಕರೆ, ಆಗಬಹುದು ಎಂದರು ಶರಣಮ್ಮ. ನಿಂಬರ್ಗಾಕ್ಕೆ ಹೋಗುವುದು ಹೇಗೆ ಎಂದು ಆ ತಾಯಿ ಕೇಳಿದ್ದು ನನ್ನನ್ನು. ಬಸ್ಸು ಎಲ್ಲಿ ಬದಲಿಸಬೇಕು, ಬೆಳಗ್ಗೆ ಎಷ್ಟಕ್ಕೆ ಮೊದಲನೆಯದು ಎಂದು ಡೈರಿಯ ಕೊನೆಯ ಖಾಲಿ ಹಾಳೆ ಹರಿದು ಬರೆದುಕೊಟ್ಟೆ. ಅವರು ಅದನ್ನು ಚೀಲದೊಳಗೆ ಉಳಿದ ಕಾಗದಗಳ ಜೊತೆ ಇಟ್ಟುಕೊಂಡು ಎದ್ದರು.

ಮೂರು ದಿನದ ಮೇಲೆ ನಾನು ಅಫಜಲಪುರ ಬಿಟ್ಟೆ. ಶರಣಮ್ಮನಿಗೆ ಈವರೆಗೆ ಐದು ಸಲ ಫೋನ್ ಮಾಡಿದ್ದೇನೆ. ಮಾಸ್ತರ ಆಪರೇಶನ್ ಆಯಿತು, ಹೈದರಾಬಾದಿನಲ್ಲೇ ಇದ್ದಾರೆ ಎಂದರು. ಆ ತಾಯಿ ಮತ್ತೆ ಬಂದಿದ್ದರೇ ಎಂದು ಐದು ಸಲವೂ ಕೇಳಿದೆ. ಬಂದಿಲ್ಲ. ಬರದೆ ಇರುವುದಕ್ಕೆ, ನಿಂಬರ್ಗಾದಲ್ಲಿ ಸಿಕ್ಕಿತು ಎಂಬುದು ಒಂದು ಕಾರಣ. ಅದೊಂದೇ ಕಾರಣವಲ್ಲ. ನಾನು ಅವರ ಹೆಸರನ್ನೂ ಕೇಳಿರಲಿಲ್ಲ, ಮಗಳ ಹೆಸರನ್ನೂ ಕೇಳಿರಲಿಲ್ಲ.